ಶುದ್ಧ ವಾಯು ಕಾರ್ಯದಲ್ಲಿ ವಿಶ್ವವಿದ್ಯಾಲಯ ವಿದ್ಯಾರ್ಥಿಗಳ ಪಾತ್ರ

ಕೇಂದ್ರ ಸರ್ಕಾರವು 2019ರ ಜನವರಿಯಲ್ಲಿ ರಾಷ್ಟ್ರೀಯ ಶುದ್ಧ ವಾಯು ಕಾರ್ಯಕ್ರಮವನ್ನು ಆರಂಭಿಸಿತು. ನಿಗದಿತ ವಾಯು ಗುಣಮಟ್ಟವನ್ನು ತಲುಪದ ನಗರಗಳೆಂದು ಕರ್ನಾಟಕದಲ್ಲಿ ಬೆಂಗಳೂರು, ಹುಬ್ಬಳ್ಳಿ-ಧಾರವಾಡ, ದಾವಣಗೆರೆ ಮತ್ತು ಕಲಬುರಗಿಗಳನ್ನು ಗುರುತಿಸಲಾಯಿತು. ಈ ನಾಲ್ಕೂ ವಿಶ್ವವಿದ್ಯಾಲಯಗಳಿರುವ ನಗರಗಳು. ಆದುದರಿಂದ ವಿದ್ಯಾರ್ಥಿಗಳ ಸಹಭಾಗಿತ್ವವು ಇಲ್ಲಿ ಕೇವಲ ಜಾಗೃತಿ ಜಾಥಾಕ್ಕೆ ಸೀಮಿತವಾಗಬಾರದು.

2009ರಲ್ಲಿ ಅಧಿಸೂಚಿಸಲಾದ ರಾಷ್ಟ್ರೀಯ ಮಾನಕಗಳಂತೆ, ಒಂದು ಘನ ಮೀಟರ್ ಗಾಳಿಯಲ್ಲಿ ಪಿ.ಎಂ. 2.5 ಸೂಕ್ಷ್ಮ ಕಣಗಳ ವಾರ್ಷಿಕ ಸರಾಸರಿ ಪ್ರಮಾಣವು 40 ಮೈಕ್ರೋಗ್ರಾಂಗಳನ್ನೂ, 24 ಗಂಟೆಗಳ ಸರಾಸರಿಯು 60 ಮೈಕ್ರೋಗ್ರಾಂಗಳನ್ನೂ ಮೀರತಕ್ಕದ್ದಲ್ಲ. ವಿಶ್ವ ಆರೋಗ್ಯ ಸಂಸ್ಥೆಯು 2021ರಲ್ಲಿ ಸೂಚಿಸಿದ ವಾರ್ಷಿಕ ಮಟ್ಟವು ಕೇವಲ 5. ಈ ಕಣಗಳು ಶ್ವಾಸಕೋಶದ ಆಳಕ್ಕೆ ಇಳಿಯುವುದರಿಂದ ಸಾಮಾನ್ಯ ಕರವಸ್ತ್ರವು ಸಾಕಷ್ಟು ರಕ್ಷಣೆ ನೀಡುವುದಿಲ್ಲ.

ಅವಕಾಶ

ಸರ್ವೋಚ್ಚ ನ್ಯಾಯಾಲಯದ 1991ರ ನಿರ್ದೇಶನದ ಹಿನ್ನೆಲೆಯಲ್ಲಿ ವಿಶ್ವವಿದ್ಯಾಲಯ ಅನುದಾನ ಆಯೋಗವು ಪದವಿ ತರಗತಿಗಳಿಗೆ ರೂಪಿಸಿದ ಪರಿಸರ ಅಧ್ಯಯನ ಪಠ್ಯಕ್ರಮದಲ್ಲಿ 100ಕ್ಕೆ 25 ಅಂಕಗಳನ್ನು ಕ್ಷೇತ್ರಕಾರ್ಯಕ್ಕೆ ಮೀಸಲಿಡಲಾಗಿತ್ತು. 1969ರಲ್ಲಿ ಆರಂಭವಾದ ರಾಷ್ಟ್ರೀಯ ಸೇವಾ ಯೋಜನೆಯ ಸ್ವಯಂಸೇವಕರು ವರ್ಷಕ್ಕೆ 120 ಗಂಟೆಗಳ ಸೇವೆ ಸಲ್ಲಿಸಬೇಕಾಗಿರುತ್ತದೆ. ಸಮಯದ ಕೊರತೆಯಿಲ್ಲ. ಒಂದು ದಿನದ ಭೇಟಿ, ನಾಲ್ಕು ಛಾಯಾಚಿತ್ರ, ಒಂದು ವರದಿ ಎಂಬಲ್ಲಿಗೆ ಕೆಲಸ ಮುಗಿದರೆ ಅಂಕ ದೊರೆಯುತ್ತದೆ, ಗಾಳಿ ಇದ್ದಂತೆಯೇ ಇರುತ್ತದೆ.

ಮಾಪನ

ಕಡಿಮೆ ಬೆಲೆಯ ಸಂವೇದಕಗಳಿಂದ ಕಾಲೇಜಿನ ಆವರಣದಲ್ಲಿಯೇ ಕಣಗಳನ್ನು ಅಳೆಯಬಹುದು. ಆದರೆ ಇವು ಕಣಗಳ ಮೇಲೆ ಬಿದ್ದು ಚದುರುವ ಬೆಳಕನ್ನು ಆಧರಿಸಿ ಲೆಕ್ಕ ಹಾಕುವುದರಿಂದ, ಗಾಳಿಯಲ್ಲಿ ತೇವಾಂಶ ಹೆಚ್ಚಿದಾಗ ವಾಸ್ತವಕ್ಕಿಂತ ಅಧಿಕ ಪ್ರಮಾಣವನ್ನು ತೋರಿಸುವ ಸಂಭವವಿದೆ. ಮಂಜು ಮುಸುಕಿದ ಮುಂಜಾನೆಯ ಒಂದೇ ಅಂಕಿಯನ್ನು ಹಿಡಿದು ಪತ್ರಿಕಾ ಹೇಳಿಕೆ ನೀಡುವುದು ಸೂಕ್ತವಲ್ಲ. ಬ್ಯಾಂಕಿನ ಪಾಸ್ ಪುಸ್ತಕವನ್ನು ನಗದು ಪುಸ್ತಕದೊಂದಿಗೆ ತಾಳೆ ನೋಡುವಂತೆ, ಉಪಕರಣವನ್ನು ಮೊದಲು ಅಧಿಕೃತ ಮಾಪನ ಕೇಂದ್ರದ ಪಕ್ಕದಲ್ಲಿ ಕೆಲವು ವಾರಗಳ ಕಾಲ ಇರಿಸಿ, ಎರಡರ ವ್ಯತ್ಯಾಸವನ್ನು ಗುರುತಿಸಿಕೊಳ್ಳಬೇಕು. ಇದಕ್ಕೆ ಕರ್ನಾಟಕ ರಾಜ್ಯ ಮಾಲಿನ್ಯ ನಿಯಂತ್ರಣ ಮಂಡಳಿಯ ಅನುಮತಿ ಪಡೆಯುವುದು ಅವಶ್ಯ.

ಅಂಕಿಗಳ ಜೊತೆಗೆ ದಿನವಹಿ ಪುಸ್ತಕವೂ ಇರತಕ್ಕದ್ದು. ದಿನಾಂಕ, ವೇಳೆ, ಗಾಳಿ ಬೀಸುವ ದಿಕ್ಕು, ಮಳೆ, ಸಮೀಪದಲ್ಲಿ ಕಂಡ ಹೊಗೆ ಅಥವಾ ಧೂಳು ಇವುಗಳನ್ನು ಆಗಿಂದಾಗ್ಗೆ ನಮೂದಿಸದಿದ್ದಲ್ಲಿ, ಪ್ರಮಾಣ ಏರಿದ್ದು ತಿಳಿಯುತ್ತದೆಯೇ ಹೊರತು ಕಾರಣ ತಿಳಿಯುವುದಿಲ್ಲ. ಆಸ್ತಮಾ ಇರುವ ವಿದ್ಯಾರ್ಥಿಗಳನ್ನು ವೃತ್ತಗಳಲ್ಲಿ ಮಾಪನಕ್ಕೆ ನಿಯೋಜಿಸಬಾರದು. ಅವರು ಲೆಕ್ಕ ಇಡುವ ಕೆಲಸವನ್ನು ನಿರ್ವಹಿಸಬಹುದು.

ಆವರಣದಿಂದಲೇ ಆರಂಭ

ಹಲವು ಸಂದರ್ಭಗಳಲ್ಲಿ ಮೂಲವು ಸಂಸ್ಥೆಯೊಳಗೇ ಇರುತ್ತದೆ. ಗುಡಿಸಿದ ತರಗೆಲೆಗೆ ಬೆಂಕಿ ಹಚ್ಚುವುದು, ಜನರೇಟರ್ ಹೊಗೆ, ಗೇಟಿನ ಮುಂದೆ ಇಂಜಿನ್ ನಿಲ್ಲಿಸದೆ ಕಾಯುವ ವಾಹನಗಳು, ಹೊಸ ಕಟ್ಟಡಕ್ಕೆಂದು ಸುರಿದ ಮರಳು ಇವೆಲ್ಲವೂ ಮೂಲಗಳೇ. ತೆರೆದ ಸ್ಥಳದಲ್ಲಿ ತ್ಯಾಜ್ಯ ಸುಡುವವರಿಗೆ ರೂ. 5,000, ದೊಡ್ಡ ಪ್ರಮಾಣದಲ್ಲಿ ಸುಟ್ಟಲ್ಲಿ ರೂ. 25,000 ದಂಡ ವಿಧಿಸುವಂತೆ ರಾಷ್ಟ್ರೀಯ ಹಸಿರು ನ್ಯಾಯಮಂಡಳಿಯು 2016ರ ಡಿಸೆಂಬರ್‌ನಲ್ಲಿ ಆದೇಶಿಸಿತು. ಆದಾಗ್ಯೂ ಎಲೆ ಸುಡುವ ಪೌರಕಾರ್ಮಿಕರನ್ನೋ ಆವರಣದ ಮಾಲಿಯನ್ನೋ ಗುರಿಯಾಗಿಸುವುದು ನ್ಯಾಯವಲ್ಲ. ಗೊಬ್ಬರದ ಗುಂಡಿಯಿಲ್ಲದೆ ಅವರಿಗೆ ಬೇರೆ ದಾರಿಯಿರುವುದಿಲ್ಲ. ಗುಂಡಿ ತೋಡಿಸುವ ಹೊಣೆ ಸಂಸ್ಥೆಯದು.

ಕಟ್ಟಡ ನಿರ್ಮಾಣ ಸ್ಥಳಗಳಲ್ಲಿ ಧೂಳು ತಡೆಗೆ 2018ರ ಜನವರಿಯಲ್ಲಿ ಹೊರಡಿಸಲಾದ ಕೇಂದ್ರ ಅಧಿಸೂಚನೆಯಂತೆ ಮರಳು, ಮಣ್ಣುಗಳನ್ನು ಮುಚ್ಚಿಡಬೇಕು ಹಾಗೂ ನೀರು ಸಿಂಪಡಿಸುವ ವ್ಯವಸ್ಥೆ ಇರಬೇಕು. ಇದನ್ನು ಪರಿಶೀಲಿಸಲು ಯಾವ ಉಪಕರಣವೂ ಬೇಡ.

ದೂರು

ತ್ಯಾಜ್ಯ ಸುಡುವಿಕೆಗೆ ಸಂಬಂಧಿಸಿದ ದೂರನ್ನು ಸ್ಥಳೀಯ ಸಂಸ್ಥೆಗೂ, ಕೈಗಾರಿಕಾ ಹೊಗೆಯ ಬಗೆಗಿನ ದೂರನ್ನು ಮಂಡಳಿಯ ಪ್ರಾದೇಶಿಕ ಕಚೇರಿಗೂ ಲಿಖಿತವಾಗಿ ಸಲ್ಲಿಸಬೇಕು. ಸ್ಥಳ, ವೇಳೆ, ಛಾಯಾಚಿತ್ರ ಹಾಗೂ ಕನಿಷ್ಠ ಎರಡು ವಾರಗಳ ದಿನವಹಿಯ ಪ್ರತಿಯನ್ನು ಲಗತ್ತಿಸಿ, ಸ್ವೀಕೃತಿ ಪಡೆದು, ಮುಂದಿನ ವರ್ಷದ ವಿದ್ಯಾರ್ಥಿ ತಂಡಕ್ಕೆ ಕಡತವನ್ನು ಹಸ್ತಾಂತರಿಸತಕ್ಕದ್ದು.