ಗಣಕೀಕೃತ ದಾಖಲೆಗಳಲ್ಲಿ ಹೆಸರಿನ ಶೋಧನೆ: ವಿಸ್ತರಣಾ ಘಟಕದ ಸೆಷನ್‌ವಾರು ಹೊಂದಾಣಿಕೆ

ಅರ್ಜಿದಾರರ ಹೆಸರಿನ ದಾಖಲೆಯು ಒಂದು ಕೌಂಟರಿನಲ್ಲಿ ದೊರೆತು ಮತ್ತೊಂದರಲ್ಲಿ ದೊರೆಯದಿರುವ ಸಂಭವವುಂಟು. ಇಷ್ಟರಿಂದಲೇ ದಾಖಲೆ ಕಳೆದುಹೋಗಿದೆಯೆಂದು ಭಾವಿಸಬೇಕಾಗಿಲ್ಲ. ಪೋಸ್ಟ್‌ಗ್ರೆಸ್ ದತ್ತಾಂಶ ಸಂಚಯವನ್ನು ಬಳಸುವ ವ್ಯವಸ್ಥೆಗಳಲ್ಲಿ ಇದಕ್ಕೆ ಇರಬಹುದಾದ ಒಂದು ಕಾರಣವನ್ನು ಸಾರ್ವಜನಿಕರ ಮಾಹಿತಿಗಾಗಿ ಇಲ್ಲಿ ನೀಡಲಾಗಿದೆ.

ಪರಸ್ಪರ ಹೋಲುವ ಹೆಸರುಗಳನ್ನು ಗುರುತಿಸಲು ಪಿಜಿ-ಟಿಆರ್‌ಜಿಎಂ ಎಂಬ ವಿಸ್ತರಣಾ ಘಟಕವಿದೆ. ಇದು ಹೆಸರನ್ನು ಮೂರು ಮೂರು ಅಕ್ಷರಗಳ ತುಣುಕುಗಳಾಗಿ ವಿಂಗಡಿಸಿ, ಎರಡೂ ಹೆಸರುಗಳಲ್ಲಿರುವ ಸಮಾನ ತುಣುಕುಗಳನ್ನು ಒಟ್ಟು ಭಿನ್ನ ತುಣುಕುಗಳಿಂದ ಭಾಗಿಸುತ್ತದೆ. ಫಲಿತಾಂಶವು ನಿಗದಿತ ಮಿತಿಯನ್ನು ಮೀರಿದರೆ ಹೆಸರುಗಳು ಹೋಲುತ್ತವೆಂದು ಪರಿಗಣಿಸಲಾಗುತ್ತದೆ. ಬೇರೆ ಆದೇಶವಿಲ್ಲದಿದ್ದಲ್ಲಿ ಈ ಮಿತಿ 0.3.

ಉದಾಹರಣೆಗೆ, ಲಕ್ಷ್ಮಿ ಎಂಬ ಹೆಸರನ್ನು ಇಂಗ್ಲಿಷ್ ಲಿಪಿಯಲ್ಲಿ ಬರೆಯುವಾಗ 'ಕ್ಷ'ಕಾರಕ್ಕೆ ಕೆಲವರು ಕೆ, ಎಸ್, ಎಚ್ ಎಂಬ ಮೂರು ಅಕ್ಷರಗಳನ್ನೂ ಕೆಲವರು ಎಕ್ಸ್ ಒಂದನ್ನೇ ಬಳಸುತ್ತಾರೆ. ಮೊದಲನೆಯ ರೂಪದಲ್ಲಿ 8, ಎರಡನೆಯದರಲ್ಲಿ 6 ತುಣುಕುಗಳಿದ್ದು, 3 ಮಾತ್ರ ಸಮಾನ. ಭಿನ್ನ ತುಣುಕುಗಳು 11 ಆಗುವುದರಿಂದ ಹೋಲಿಕೆ ಸುಮಾರು 0.27. ಅಂದರೆ ಒಬ್ಬರೇ ವ್ಯಕ್ತಿಯ ಹೆಸರಾದರೂ ದಾಖಲೆ ದೊರೆಯುವುದಿಲ್ಲ. ಮಿತಿಯನ್ನು 0.25ಕ್ಕೆ ಇಳಿಸಿದರೆ ದೊರೆಯುತ್ತದೆ.

ಈ ಮಿತಿಯನ್ನು 'ಸೆಟ್' ಆದೇಶದಿಂದ ಬದಲಾಯಿಸಬಹುದಾಗಿದ್ದು, ಬದಲಾವಣೆಯು ಆ ಸೆಷನ್‌ಗೆ ಮಾತ್ರ ಅನ್ವಯಿಸುತ್ತದೆ. ಕೌಂಟರುಗಳ ನಡುವಣ ವ್ಯತ್ಯಾಸಕ್ಕೆ ಇದೇ ಮೂಲವಾಗಬಹುದು. ಒಂದೇ ಸಂಪರ್ಕವನ್ನು ಹಲವು ಅರ್ಜಿಗಳಿಗೆ ಮರುಬಳಸುವ ತಂತ್ರಾಂಶದಲ್ಲಂತೂ ಒಬ್ಬರಿಗಾಗಿ ಸಡಿಲಿಸಿದ ಮಿತಿ ಮುಂದಿನವರಿಗೂ ಉಳಿದು, ಬೇರೆಯವರ ದಾಖಲೆಗಳು ಪರದೆಯ ಮೇಲೆ ಮೂಡಬಹುದು. ಆದುದರಿಂದ ಟ್ರಾನ್ಸಾಕ್ಷನ್ ಮುಗಿದೊಡನೆ ರದ್ದಾಗುವ 'ಸೆಟ್ ಲೋಕಲ್' ಆದೇಶವೇ ಸೂಕ್ತ. ನೌಕರರ ಖಾತೆಗೆ 'ಆಲ್ಟರ್ ರೋಲ್' ಮೂಲಕ ನಿಗದಿಪಡಿಸಿದ ಮಿತಿಯು ಹೊಸ ಸೆಷನ್‌ಗಳಿಂದ ಜಾರಿಗೆ ಬರುತ್ತದೆ.

ಘಟಕವು ಸೆಷನ್‌ಗೆ ಇನ್ನೂ ಲೋಡ್ ಆಗದಿದ್ದಾಗ ಮಿತಿಯ ಹೆಸರನ್ನು ತಪ್ಪಾಗಿ ಟೈಪ್ ಮಾಡಿದರೂ ವ್ಯವಸ್ಥೆಯು ಆಕ್ಷೇಪಿಸದೆ ಸ್ವೀಕರಿಸುತ್ತದೆ; ಹಳೆಯ ಮಿತಿಯೇ ಮುಂದುವರಿಯುತ್ತದೆ. 2022ರ 15ನೇ ಆವೃತ್ತಿಯಿಂದ, ಘಟಕವು ಲೋಡ್ ಆದಾಗ ಇಂತಹ ತಪ್ಪು ಹೆಸರಿನ ಕುರಿತು ಎಚ್ಚರಿಕೆ ನೀಡಿ ಅದನ್ನು ತೆಗೆದುಹಾಕಲಾಗುತ್ತದೆ.

'ದಾಖಲೆ ಲಭ್ಯವಿಲ್ಲ' ಎಂಬ ಹಿಂಬರಹ ಪಡೆಯುವ ಮುನ್ನ ಅರ್ಜಿದಾರರು ತಮ್ಮ ಹೆಸರಿನ ಬಳಕೆಯಲ್ಲಿರುವ ಎಲ್ಲ ಕಾಗುಣಿತಗಳನ್ನೂ ಲಿಖಿತವಾಗಿ ನೀಡಿ, ಪ್ರತಿಯೊಂದರಿಂದಲೂ ಶೋಧಿಸುವಂತೆ ಕೋರಬಹುದು. ಹೆಸರು ಹೋಲುವ ದಾಖಲೆ ದೊರೆತಲ್ಲಿ ತಂದೆಯ ಹೆಸರು ಹಾಗೂ ಜನ್ಮ ದಿನಾಂಕವನ್ನು ತಾಳೆ ನೋಡಿದ ನಂತರವೇ ಸಹಿ ಮಾಡತಕ್ಕದ್ದು.