ಮೀನ ಇಲ್ಲದ ಮೀನಿನ ಪೆಟಿಗಿ

ಮನ್ಯಾಗ ಮೀನಿನ ಗಾಜಿನ ಪೆಟಿಗಿ ಇಡೋದು ರೊಕ್ಕ ಇದ್ದವ್ರ ಶೋಕಿ ಅಂತ ನಮ್ಮ ಕಡೆ ಭಾಳ ಮಂದಿ ತಿಳ್ಕೊಂಡಾರ. ದೊಡ್ಡ ದವಾಖಾನಿ, ಹೊಟೇಲು, ಹೊಸಾ ಮನಿ ಕಟ್ಟಿಸಿದವ್ರ ಪಡಸಾಲಿ, ಅಲ್ಲೆಲ್ಲಾ ನೋಡಿ ನೋಡಿ ಹಂಗ ಅನ್ನಿಸಿರಬೇಕು. ಆದ್ರ ಈ ಪೆಟಿಗಿ ಹುಟ್ಟಿದ ಕಥಿ ತಗದು ನೋಡಿದ್ರ ಅದ್ರಾಗ ಸೂಜಿ-ದಾರ ಅದ, ಕೊಡ ಎತ್ತಿ ನೀರು ಸುರಿಯೋ ಕೆಲಸದಾಕಿ ಇದ್ದಾಳ, ಕೊಳತ ಎಲಿ ಅದ, ಬಸವನಹುಳ ಅದ. ಶೋಕಿ ಆಮ್ಯಾಲ ಬಂತು, ಮೊದಲ ಬಂದದ್ದು ಮನಿಗೆಲಸ.

ಈ ವರ್ಷ ನಮ್ಮ ಹುಡುಗ ಪರೀಕ್ಷಾ ಮುಗಿದ ಕೂಡ್ಲೆ ಮೀನ ಬೇಕಂತ ಹಟಾ ಹಿಡದ. ನಮ್ಮ ಓಣ್ಯಾಗ ಮೂರ್ನಾಲ್ಕು ಮನ್ಯಾಗ ಈ ಪೆಟಿಗಿ ಬಂದು ಹೋಗ್ಯಾವ. ಐತವಾರ ಮೀನ ತರೋದು, ಮುಂದಿನ ಐತವಾರದೊಳಗ ಒಂದೊಂದ ಹೊಟ್ಟಿ ಮ್ಯಾಲ ಮಾಡಿ ತೇಲೋದು, ಹುಡುಗ್ರು ಅಳೋದು, ಕಡೀಕ ಪೆಟಿಗಿ ಮಾಳಿಗಿ ಸೇರೋದು. "ನೀರಿಗೆ ದೃಷ್ಟಿ ಆಗೇದ" ಅಂದವ್ರೂ ಇದ್ದಾರ. ಎಲ್ಲಾರ ಮನ್ಯಾಗೂ ಒಂದ ಥರಾ ಯಾಕ ಸಾಯ್ತಾವ ಅಂತ ಹುಡುಕ್ಕೋತ ಹೋದ್ರ ಅದು ನನ್ನ ಸೀದಾ ಇತಿಹಾಸಕ್ಕ ಕರಕೊಂಡ ಹೋತು.

ಮನ್ಯಾಗ ಮೀನ ಸಾಕೋದು ಮೊದ್ಲ ಕಲತವ್ರು ಚೀನಾದವ್ರು. ಸುಮಾರು ಸಾವಿರ ವರ್ಷದ ಹಿಂದ, ಸಾಂಗ್ ರಾಜರ ಕಾಲಕ್ಕ, ಹೊಂಡದಾಗಿನ ಬೂದಿ ಬಣ್ಣದ ಮೀನಿನೊಳಗ ಎಲ್ಲೋ ಒಂದು ಕೆಂಪು-ಹಳದಿ ಮರಿ ಹುಟ್ಟಿದ್ರ ಅದನ್ನ ಬ್ಯಾರೆ ತಗದು ಸಾಕ್ತಿದ್ರು. ಹಂಗ ಆರಿಸಿ ಆರಿಸಿ ಬಂದದ್ದ ಇವತ್ತಿನ ಗೋಲ್ಡ್ ಫಿಶ್. ಮಿಂಗ್ ಕಾಲಕ್ಕ ಅದು ಹೊಂಡ ಬಿಟ್ಟು ಪಿಂಗಾಣಿ ಬಾನಿಯೊಳಗ ಮನಿ ಸೇರ್ತು. ಮುಂದ 16ನೇ ಶತಮಾನದಾಗ ಜಪಾನಿಗೆ, 17ನೇ ಶತಮಾನದಾಗ ಯುರೋಪಿಗೆ ಹೋತು. ಆದ್ರ ಬಾನಿಯೊಳಗಿನ ಮೀನ ಮ್ಯಾಲಿಂದಷ್ಟ ಕಾಣ್ತದ. ನೀರು ದಿನಾ ಬದಲಿ ಮಾಡ್ತಿದ್ರ ಬದುಕೋದು, ಇಲ್ಲಾಂದ್ರ ಇಲ್ಲ. ಮೀನನ್ನ ಬಾಜೂದಿಂದ, ಕಣ್ಣಿಗೆ ಕಣ್ಣ ಕೊಟ್ಟು ನೋಡೋ ಪೆಟಿಗಿ ಬರಲಿಕ್ಕೆ ಇನ್ನೂ ತಡಾ ಇತ್ತು.

ಅದನ್ನ ಮಾಡಿದಾಕಿ ಒಬ್ಬಾಕಿ ಬಟ್ಟಿ ಹೊಲಿಯಾಕಿ. ಜೀನ್ ವಿಲ್‌ಪ್ರೂ-ಪವರ್ ಅಂತ ಹೆಸರು. 1794ರಾಗ ಫ್ರಾನ್ಸಿನ ಒಂದು ಹಳ್ಳ್ಯಾಗ ಹುಟ್ಟಿದ ಹೆಣ್ಮಗಳು, ಪ್ಯಾರಿಸ್ಸಿಗೆ ಬಂದು ಹೊಲಿಗಿ ಕೆಲಸಕ್ಕ ಸೇರಿದ್ಲು. 1816ರಾಗ ಒಬ್ಬ ರಾಜಕುಮಾರಿ ಮದವಿ ಪೋಷಾಕು ಹೊಲದು ಹೆಸರು ಮಾಡಿದ್ಲು. ಮುಂದ ಒಬ್ಬ ಇಂಗ್ಲಿಷ್ ವ್ಯಾಪಾರಸ್ಥನ್ನ ಮದವಿ ಆಗಿ ಇಟಲಿ ಬಾಜೂಕಿನ ಸಿಸಿಲಿ ದ್ವೀಪಕ್ಕ ಹೋದ್ಲು. ಅಲ್ಲೆ ಸಮುದ್ರದಾಗ ಆರ್ಗೊನಾಟ್ ಅಂತ ಒಂದು ಪ್ರಾಣಿ, ಆಕ್ಟೋಪಸ್ಸಿನ ಜಾತೀದು, ತೆಳ್ಳನ ಬಿಳೀ ಚಿಪ್ಪಿನ್ಯಾಗ ಇರ್ತದ. ಆ ಚಿಪ್ಪು ಅದರದೋ, ಅಥವಾ ಬ್ಯಾರೆ ಯಾವುದರದೋ ಚಿಪ್ಪು ಕದ್ದು ಹೊಕ್ಕೊಂಡದೋ ಅಂತ ಪಂಡಿತರೊಳಗ ಹಳೇ ಜಗಳ ಇತ್ತು. ಸತ್ತ ಪ್ರಾಣಿ ಕೊಯ್ದು ನೋಡಿದ್ರ ಇದು ತೀರೋ ಮಾತಲ್ಲ. ಜೀವಂತ ಇದ್ದಾಗ ನೋಡಬೇಕು. ಅದಕ್ಕಂತ 1832ರ ಸುಮಾರಿಗೆ ಈಕಿ ಗಾಜಿನ ಪೆಟಿಗಿ ಮಾಡಿಸಿದ್ಲು. ಅದ್ರಾಗ ಪ್ರಾಣಿ ಸಾಕಿ, ಚಿಪ್ಪಿನ ತುಣುಕು ಮುರದು, ಅದು ತನ್ನ ಚಿಪ್ಪು ತಾನ ಮತ್ತ ಕಟ್ಟಿಕೊಳ್ಳೋದನ್ನ ಕಣ್ಣಾರೆ ನೋಡಿ ಬರದ್ಲು. ಹರಿದ ಬಟ್ಟಿಗೆ ತ್ಯಾಪಿ ಹಚ್ಚಿದಾಕಿಗೆ ಆ ಪರೀಕ್ಷಾ ಹೊಳದದ್ದು ನನಗ ಏನೂ ಆಶ್ಚರ್ಯ ಅನ್ನಿಸ್ಲಿಲ್ಲ.

ಎರಡನೇದಾಕಿ ಲಂಡನ್ನಿನ ಆನ್ನಾ ಥಿನ್. ಈಕಿ ಗಂಡ ವೆಸ್ಟ್‌ಮಿನ್‌ಸ್ಟರ್ ಅಬ್ಬೆಯ ಪಾದ್ರಿ. 1846ರಾಗ ಟಾರ್ಕಿ ಅನ್ನೋ ಸಮುದ್ರದ ದಂಡಿ ಊರಿಂದ ಜೀವಂತ ಹವಳದ ಪ್ರಾಣಿ ಲಂಡನ್ನಿಗೆ ತಂದ್ಲು. ದಾರ್ಯಾಗ ಅಲುಗಾಡಬಾರದಂತ ಅವನ್ನ ಸೂಜಿ-ದಾರದಿಂದ ಒಂದು ಸ್ಪಂಜಿಗೆ ಹೊಲದಿದ್ಲಂತ! ಊರು ಮುಟ್ಟಿದ ಮ್ಯಾಲ ಸಮುದ್ರದ ನೀರು ಎಲ್ಲಿಂದ ದಿನಾ ತರೋದು? ಇದ್ದ ನೀರನ್ನ ತೆರದ ಕಿಟಕಿ ಮುಂದ ಒಂದು ಪಾತ್ರಿಯಿಂದ ಇನ್ನೊಂದಕ್ಕ ಮ್ಯಾಲಿಂದ ಸುರಿಸೋದು, ಮತ್ತ ತಿರುಗಿ ಸುರಿಸೋದು. ದಿನಾ ಅರ್ಧ-ಮುಕ್ಕಾಲು ತಾಸು. ನಾವು ಚಹಾ ಆರಿಸ್ತೀವಲ್ಲಾ, ಹಂಗ. ಗಾಳಿ ನೀರಿನ್ಯಾಗ ಕೂಡಿ ಪ್ರಾಣಿ ಬದುಕಿದ್ವು. ಸುರಿಸ್ತಿದ್ದಾಕಿ ಮಾತ್ರ ಆನ್ನಾ ಅಲ್ಲ, ಮನಿ ಕೆಲಸದಾಕಿ. ಇವತ್ತು ಪೆಟಿಗ್ಯಾಗ ಗುಳುಗುಳು ಅನ್ನೋ ಗಾಳಿ ಪಂಪಿನ ಕೆಲಸ ಅವತ್ತು ಒಬ್ಬಾಕಿ ರಟ್ಟಿ ಮಾಡ್ತಿತ್ತು. 1847ರಾಗ ಆನ್ನಾ ಆ ನೀರಿನ್ಯಾಗ ಸಮುದ್ರದ ಪಾಚಿ ಗಿಡಾನೂ ಬಿಟ್ಲು. ಆವಾಗ ಕೆಲಸದಾಕಿಗೆ ಸ್ವಲ್ಪ ಉಸರ ಬಂದಿರಬೇಕು.

ಗಿಡ ಯಾಕ ಅಂದ್ರ, ಅದರ ಹಿಂದ ಇನ್ನೊಂದು ಕಥಿ ಅದ. 1771ರಾಗ ಜೋಸೆಫ್ ಪ್ರೀಸ್ಟ್ಲಿ ಅನ್ನಾಂವ ಮುಚ್ಚಿದ ಗಾಜಿನ ಪಾತ್ರ್ಯಾಗ ಮೇಣಬತ್ತಿ ಆರಿಹೋಗೋತನಕ ಉರಿಸಿ, ಆ ಕೆಟ್ಟ ಗಾಳ್ಯಾಗ ಪುದೀನಾದ ಟೊಂಗಿ ಇಟ್ಟ. ಕೆಲವು ದಿನಕ್ಕ ಅದ ಗಾಳ್ಯಾಗ ಮತ್ತ ಬತ್ತಿ ಉರೀತು. ಗಿಡ ಗಾಳಿ ಸುಧಾರಿಸ್ತದ ಅಂತ ತಿಳೀತು. 1779ರಾಗ ಇಂಗೆನ್‌ಹೌಸ್ ಅನ್ನೋ ಡಾಕ್ಟರು ಅದು ಬೆಳಕು ಇದ್ದಾಗಷ್ಟ ಅಂತ ತೋರಿಸಿದ್ರು. ಇದನ್ನ ಮೀನಿನ ಪೆಟಿಗಿಗೆ ಹೊಂದಿಸಿದಾಂವ ರಾಬರ್ಟ್ ವ್ಯಾರಿಂಗ್ಟನ್, ಲಂಡನ್ನಿನ ಔಷಧಿಕಾರರ ಸಂಘದ ರಸಾಯನಶಾಸ್ತ್ರಜ್ಞ.

1849ರಾಗ ಅಂವ ದೊಡ್ಡ ಗಾಜಿನ ಪಾತ್ರ್ಯಾಗ ಮಣ್ಣು, ಉಸುಕು, ಕಲ್ಲು ಹಾಕಿ, ವ್ಯಾಲಿಸ್ನೇರಿಯಾ ಅನ್ನೋ ಉದ್ದ ಎಲಿ ನೀರಗಿಡ ನೆಟ್ಟು ಎರಡು ಗೋಲ್ಡ್ ಫಿಶ್ ಬಿಟ್ಟ. ಮೊದ್ಲ ಛಲೋ ಇತ್ತು. ಆಮ್ಯಾಲ ಗಿಡದ ಹಳೇ ಎಲಿ ಕೊಳತು ನೀರು ರಾಡಿ ಆತು. ಅಂವ ನೀರು ಚೆಲ್ಲಲಿಲ್ಲ. ಹೊಂಡದಾಗ ಈ ಕೊಳತ ಎಲಿ ಏನ ಆಗ್ತದ ಅಂತ ವಿಚಾರ ಮಾಡಿ ಐದಾರು ಬಸವನಹುಳ ತಂದು ಬಿಟ್ಟ. ಅವು ಕೊಳತದ್ದನ್ನ ತಿಂದ್ವು, ನೀರು ತಿಳಿ ಆತು, ಅವುಗಳ ತತ್ತಿ ಮೀನಿಗೆ ಊಟ ಆತು. ಗಿಡ, ಮೀನ, ಹುಳ, ಮೂರೂ ಸೇರಿದ್ರ ಒಂದು ಸಂಸಾರ ಅಂತ 1850ರಾಗ ಬರದು ಪ್ರಕಟಿಸಿದ.

ಅದಕ್ಕ ಕಾಲಾನೂ ಕೂಡಿ ಬಂತು. 1845ರಾಗ ಬ್ರಿಟನ್ ಸರಕಾರ ಗಾಜಿನ ಮ್ಯಾಲಿನ ತೆರಿಗಿ ತಗದುಹಾಕ್ತು, ಗಾಜು ಅಗ್ಗ ಆತು. 1853ರ ಮೇ ತಿಂಗಳದಾಗ ಲಂಡನ್ನಿನ ಪ್ರಾಣಿಸಂಗ್ರಹಾಲಯದಾಗ ಮೀನಿನ ಮನಿ ತೆರದು ಮಂದಿ ಮುಗಿಬಿದ್ರು. ಮರುವರ್ಷ ಫಿಲಿಪ್ ಹೆನ್ರಿ ಗಾಸ್ "ಅಕ್ವೇರಿಯಂ" ಅಂತ ಪುಸ್ತಕಾನ ಬರದ, ಆ ಹೆಸರು ಜಗತ್ತಿಗೆಲ್ಲಾ ಹತ್ತಿಬಿಡ್ತು. ಲ್ಯಾಟಿನ್ನಿನ್ಯಾಗ ಆ ಶಬ್ದಕ್ಕ ದನಕ್ಕ ನೀರು ಕುಡಸೋ ಜಾಗಾ ಅಂತನೂ ಅರ್ಥ ಅದ. ನಮ್ಮ ಹಳ್ಳಿ ಭಾಷಾದಾಗ ಹೇಳಬೇಕಂದ್ರ ದನದ ದೋಣಿ!

ಹತ್ತು ವರ್ಷದೊಳಗ ಆ ಹುಚ್ಚು ಏರಿ ಇಳದೂ ಹೋತು. 1868ರಾಗ ಜೆ. ಜಿ. ವುಡ್ ಅನ್ನೋ ಲೇಖಕ, ಹತ್ತರಾಗ ಒಂಬತ್ತು ಪೆಟಿಗಿ ಮಂದಿ ಬಿಟ್ಟುಬಿಟ್ರು ಅಂತ ಬರದಾನ. ನಮ್ಮ ಓಣಿ ಲೆಕ್ಕಾನೂ ಹೆಚ್ಚು ಕಡಿಮಿ ಅಷ್ಟ. ನೀರು ನಾರ್ತಿತ್ತು, ಮೀನ ಸಾಯ್ತಿದ್ವು. ಗಿಡ-ಮೀನ-ಹುಳ ಸೇರಿದ್ರ ಸಂಸಾರ ನಡೀತದ ಅಂತ ಪುಸ್ತಕ ಹೇಳ್ತಿತ್ತು, ಆದ್ರ ನಡೀತಿರಲಿಲ್ಲ. ಯಾಕಂದ್ರ ಆ ಸಂಸಾರದಾಗ ಕಣ್ಣಿಗೆ ಕಾಣದಾವ್ರು ಇನ್ನೂ ಇಬ್ಬರಿದ್ರು, ಅವ್ರನ್ನ ಯಾರೂ ಲೆಕ್ಕಕ್ಕ ಹಿಡದಿರಲಿಲ್ಲ.

ಈ ಕಥ್ಯಾಗ ನನಗ ಭಾಳ ಸೇರಿದ ಭಾಗ ಇಲ್ಲೇ ಅದ. ವ್ಯಾರಿಂಗ್ಟನ್ ಪೆಟಿಗಿ ಇಟ್ಟಾಗ ಅವನ ಮಗಗ ಹತ್ತ-ಹನ್ನೊಂದು ವರ್ಷ. ಮಗನ ಹೆಸರೂ ರಾಬರ್ಟ್. ಅಂವ ಬೆಳದು ರಾಥಮ್‌ಸ್ಟೆಡ್ ಅನ್ನೋ ಒಕ್ಕಲುತನದ ಸಂಶೋಧನಾ ಕೇಂದ್ರ ಸೇರಿ ಹೊಲದ ಮಣ್ಣಿನ ಮ್ಯಾಲ ಕೆಲಸ ಮಾಡಿದ. 1877ರಾಗ ಇಬ್ಬರು ಫ್ರೆಂಚರು, ಹೊಲಸಿನ್ಯಾಗಿನ ಅಮೋನಿಯಾ ನೈಟ್ರೇಟ್ ಆಗೋದು ಸೂಕ್ಷ್ಮ ಜೀವಿಗಳ ಕೆಲಸ ಅಂತ ತೋರಿಸಿದ್ರು. ಮಗ ವ್ಯಾರಿಂಗ್ಟನ್ ಅದನ್ನ ಮುಂದುವರಿಸಿ, ಇದು ಎರಡು ಹಂತದಾಗ ಆಗ್ತದ ಅಂದ. ಅಮೋನಿಯಾ ಮೊದ್ಲ ನೈಟ್ರೈಟ್ ಆಗ್ತದ, ಅದು ಆಮ್ಯಾಲ ನೈಟ್ರೇಟ್ ಆಗ್ತದ, ಒಂದೊಂದಕ್ಕ ಬ್ಯಾರೆ ಬ್ಯಾರೆ ಜೀವಿ. 1890ರ ಸುಮಾರಿಗೆ ರಷ್ಯಾದ ವಿನೋಗ್ರಾಡ್ಸ್ಕಿ ಆ ಜೀವಿಗಳನ್ನ ಬ್ಯಾರೆ ಮಾಡಿ ಬೆಳಸಿ ತೋರಿಸಿದ. ಅಪ್ಪನ ಪೆಟಿಗ್ಯಾಗ ಬಿಟ್ಟುಹೋದ ಲೆಕ್ಕ ಮಗನ ಹೊಲದಾಗ ಸಿಕ್ತು.

ಮೀನು ಕಿವಿರಿಂದ ಅಮೋನಿಯಾ ಬಿಡ್ತದ. ಉಳದ ಊಟ ಕೊಳತರೂ ಅದ ಅಮೋನಿಯಾ. ಅದು ಮೀನಿಗೆ ವಿಷ, ನೈಟ್ರೈಟೂ ವಿಷ, ನೈಟ್ರೇಟ್ ಮಾತ್ರ ಸ್ವಲ್ಪ ಇದ್ರ ನಡೀತದ. ಈ ವಿಷ ತಿನ್ನೋ ಜೀವಿಗಳು ನೀರಿನ್ಯಾಗ ತೇಲಾಡೋದಕ್ಕಿಂತ ಕಲ್ಲಿಗೆ, ಫಿಲ್ಟರಿನ ಸ್ಪಂಜಿಗೆ ಅಂಟಿಕೊಂಡು ಬೆಳೀತಾವ. ಹೊಸಾ ಪೆಟಿಗ್ಯಾಗ ಅವು ಇರೋದ ಇಲ್ಲ, ತಯಾರಾಗಲಿಕ್ಕೆ ನಾಲ್ಕರಿಂದ ಆರು ವಾರ ಬೇಕು. ಐತವಾರ ತಂದ ಮೀನ ಮುಂದಿನ ಐತವಾರ ತೇಲಿದ್ದು ದೃಷ್ಟಿಯಿಂದಲ್ರಿ, ಅಡಗಿ ಮಾಡಾವ್ರು ಬರೋಕಿಂತ ಮೊದ್ಲ ಊಟಕ್ಕ ಮಂದಿ ಕರದಂಗ ಆತದು.

ಹಂಗಾಗಿ ನಮ್ಮ ಮನ್ಯಾಗ ಮೊದ್ಲ ಪೆಟಿಗಿ ಬಂತು, ಮೀನ ಬರಲಿಲ್ಲ. ಎರಡು ಫೂಟ ಉದ್ದ, ಒಂದು ಫೂಟ ಅಗಲ, ಒಂದು ಫೂಟ ಎತ್ತರ. 54 ಲೀಟರ್ ನೀರು ಹಿಡೀತದ, ಗಾಜು-ಕಲ್ಲು ಸೇರಿದ್ರ ಎಪ್ಪತ್ತು ಕೆಜಿ ದಾಟ್ತದ. ಗಟ್ಟಿ ಕಟ್ಟಿ ಬೇಕು, ಬಿಸಿಲು ಬೀಳಬಾರದು. ಕಲ್ಲು ಅಕ್ಕಿ ತೊಳದಂಗ ನೀರು ತಿಳಿ ಬರೋತನಕ ತೊಳದ್ವಿ. ನಳದ ನೀರಿನ್ಯಾಗ ಕ್ಲೋರಿನ್ ಇರ್ತದ, ಅದು ಮೀನಿಗೂ ಆ ಜೀವಿಗೂ ಆಗೂದಿಲ್ಲ, ಅದಕ್ಕ ಒಂದು ದಿನ ಬಕೀಟಿನ್ಯಾಗ ತೆರದಿಟ್ಟು ಹಾಕಿದ್ವಿ. ಸ್ಪಂಜಿನ ಫಿಲ್ಟರ್ ಹಗಲೂ ರಾತ್ರಿ ಚಾಲೂ. ದಿನಾ ಒಂದು ಚಿಟಿಕಿ ಮೀನಿನ ಆಹಾರ ನೀರಿಗೆ ಹಾಕೋದು. ಮೀನ ಇಲ್ಲಲ್ಲಾ, ಯಾರ ತಿಂತಾರ? ಅದು ಕೊಳತು ಅಮೋನಿಯಾ ಆಗಲಿ, ಅದನ್ನ ತಿನ್ನಾವ್ರು ಹುಟ್ಟಲಿ ಅಂತ.

ನಮ್ಮ ಅತ್ತಿಯವ್ರು ಮೊದಲನೇ ವಾರ ಸುಮ್ನಿದ್ರು. ಎರಡನೇ ವಾರಕ್ಕ "ಏನವಾ, ದೇವರಿಲ್ಲದ ಗುಡಿಗೆ ದೀಪಾ ಹಚ್ಚಿಧಂಗ ಆತಲ್ಲ" ಅಂದ್ರು. ಬಾಜೂ ಮನಿ ಕಾಕು ದಿನಾ ಸಂಜಿಗೆ ಬಂದು ಬಗ್ಗಿ ನೋಡಿ, "ಅಡಗಿ ಕೂತಾವೇನ್ರಿ?" ಅಂತ ಕೇಳಿ ನಕ್ಕೋತ ಹೋಗ್ತಿದ್ರು. ಹುಡುಗನ ಮಾರಿ ಮಾತ್ರ ನೋಡಲಿಕ್ಕೆ ಆಗ್ತಿರಲಿಲ್ಲ. ಕಡೀಕ ನಾನು ಅತ್ತಿಯವ್ರಿಗೆ ಅವ್ರ ಭಾಷಾದಾಗ ಹೇಳಿದೆ: "ಹಾಲಿಗೆ ಹೆಪ್ಪು ಹಾಕಿ ಮುಟ್ಟದಂಗ ಇಡ್ತೀರಲ್ಲ, ಇದೂ ಹಂಗರಿ." ಅವ್ರು ಕೂಡ್ಲೆ, "ಹಂಗಾದ್ರ ಇದ್ದವ್ರ ಮನಿಯಿಂದ ಹೆಪ್ಪು ತರಬಾರದೇನು?" ಅಂದ್ರು. ನೋಡ್ರಿ, ಅದೂ ಶಾಸ್ತ್ರದ ಮಾತ! ಹಳೇ ಆರೋಗ್ಯವಂತ ಪೆಟಿಗ್ಯಾಗಿನ ಸ್ಪಂಜಿನ ತುಂಡು ತಂದು ಹೊಸಾದ್ರಾಗ ಹಾಕಿದ್ರ ಕೆಲಸ ಲಗೂನ ಆಗ್ತದ. ಪರಿಚಯದವ್ರ ಕಡಿಂದ ಒಂದು ತುಂಡು ತಂದ್ವಿ. ನಾಲ್ಕನೇ ವಾರಕ್ಕ ಪರೀಕ್ಷಾ ಪಟ್ಟಿ ಅದ್ದಿ ನೋಡಿದ್ರ ಅಮೋನಿಯಾ ಸೊನ್ನಿ, ನೈಟ್ರೈಟ್ ಸೊನ್ನಿ, ನೈಟ್ರೇಟ್ ಅಷ್ಟ ಏರಿತ್ತು. ಮರುದಿನ ನಾಲ್ಕು ಗಪ್ಪಿ ಬಂದ್ವು. ನಾಲ್ಕೂ ಅವ. ಗೋಲ್ಡ್ ಫಿಶ್ ಬ್ಯಾಡಂದ್ವಿ, ಅದು ಗೇಣುದ್ದ ಬೆಳೀತದ, ಅದಕ್ಕ ಇಷ್ಟು ನೀರು ಸಾಲೂದಿಲ್ಲ. ಗಪ್ಪಿಗೆ ನಮ್ಮ ಕಡೆ ಬೋರಿನ ಗಡಸು ನೀರೂ ಒಗ್ಗತದ. ಡಿಸೆಂಬರ್ ಥಂಡ್ಯಾಗ ಒಂದು ಹೀಟರ್ ಇಟ್ರ ಆತು.

ಅಂಗಡ್ಯಾಗ ಕೆಂಪು ಗೀರಿಂದು, ಭಾಳ ಚಂದಂದು ಒಂದು ಮೀನು ಹುಡುಗನ ಕಣ್ಣಿಗೆ ಬಿತ್ತು. ಮಿಸ್ ಕೇರಳ ಅಂತಾರ, ಶಾಸ್ತ್ರದಾಗ ಡೆನಿಸನ್ ಬಾರ್ಬ್. 1865ರಾಗ ಫ್ರಾನ್ಸಿಸ್ ಡೇ ಮದ್ರಾಸಿನ ಗವರ್ನರ್ ಡೆನಿಸನ್ ಹೆಸರು ಇಟ್ಟಿದ್ದು. ನಮ್ಮ ಪಶ್ಚಿಮ ಘಟ್ಟದ ಹೊಳಿ ಬಿಟ್ರ ಜಗತ್ತಿನ್ಯಾಗ ಎಲ್ಲೂ ತಾನಾಗಿ ಹುಟ್ಟೂದಿಲ್ಲ. 1990ರ ದಶಕದಿಂದ ಪರದೇಶದ ಪೆಟಿಗಿಗಳಿಗೆ ಹಿಡದು ಹಿಡದು ಕಳಿಸಿ ಈಗ ಅಳಿವಿನ ಅಂಚಿನ ಪಟ್ಟ್ಯಾಗ ಸೇರೇದ. ಇಂಗ್ಲಂಡಿನ್ಯಾಗೂ ಹಿಂಗ ಆಗಿತ್ತು. ಗಾಸನ ಮಗ ಎಡ್ಮಂಡ್ 1907ರ ತನ್ನ ಪುಸ್ತಕದಾಗ, ಅಪ್ಪನ ಪುಸ್ತಕ ಓದಿ ಬಂದ ಮಂದಿ ಸಮುದ್ರದ ದಂಡಿ ಹೊಂಡಗಳನ್ನ ಬರಿದು ಮಾಡಿದ್ರು ಅಂತ ಮರಗ್ಯಾನ. ಹುಡುಗಗ ಹೇಳಿದೆ, ಅಂವ ತಿಳಕೊಂಡ. ಗಪ್ಪಿಗೆ ಆ ತಾಪತ್ರಯ ಇಲ್ಲ, ಮನ್ಯಾಗ ಮರಿ ಹಾಕ್ಕೋತ ಹೋಗ್ತದ.

ಈಗ ನಮ್ಮ ಮನ್ಯಾಗ ವಾರಕ್ಕೊಮ್ಮೆ ಕಾಲುಭಾಗ ನೀರು ತಗದು ಹೊಸಾದು ಹಾಕಬೇಕು. ಗಿಡ ಇದ್ರೂ, ಜೀವಿ ಇದ್ರೂ ನೈಟ್ರೇಟ್ ಕೂಡ್ಕೋತ ಹೋಗ್ತದ, ಅದು ತಾನಾಗಿ ಹೊರಗ ಹೋಗೂದಿಲ್ಲ. ಸ್ಪಂಜನ್ನ ನಳದ ಕೆಳಗ ಹಿಡೀಬಾರದು, ಪೆಟಿಗಿಯಿಂದ ತಗದ ನೀರಿನ್ಯಾಗ ಹಿಂಡಬೇಕು, ಇಲ್ಲಾಂದ್ರ ಹೆಪ್ಪು ಸತ್ತು ಹೋಗ್ತದ. ಊಟಾ ಎರಡು ನಿಮಿಷದಾಗ ತಿಂದು ಮುಗಿಸೋವಷ್ಟ. ತಗದ ನೀರು ತುಳಸಿಗೂ ದಾಸವಾಳಕ್ಕೂ ಹಾಕ್ತೀವಿ, ಭಾಳ ಛಲೋ ಗೊಬ್ಬರ ಅದು. ನೀರು ಬದಲಿ ಮಾಡೋ ಕೆಲಸ ಹುಡುಗಂದು ಅಂತ ಮೊದಲ ದಿನಾನ ಕ್ಯಾಲೆಂಡರಿನ ಮ್ಯಾಲ ಬರಸಿಟ್ಟೇನಿ. ಆನ್ನಾ ಥಿನ್ ಅವ್ರ ಹವಳದ ವರದಿ 1859ರಾಗ ಅಚ್ಚಾತು, ಅವ್ರ ಹೆಸರು ಇತಿಹಾಸ ಸೇರ್ತು. ಅರ್ಧ ತಾಸು ನಿಂತು ನೀರು ಎತ್ತಿ ಸುರದಾಕಿ ಬರೇ "ಕೆಲಸದಾಕಿ" ಆಗೇ ಉಳದ್ಲು. ಬಹುತೇಕ ಮನ್ಯಾಗ ಮಕ್ಕಳ ಮೀನು ಕಡೀಕ ಅವ್ವನ ಪಾಲಿಗೆ ಬರ್ತಾವ. ನೀವೂ ಪೆಟಿಗಿ ತರೋರಿದ್ರ ತರ್ರಿ, ಒಂದು ತಿಂಗಳು ಖಾಲಿ ನೀರು ನೋಡೋ ಸಮಾಧಾನ ಇಟ್ಕೋರಿ, ಮತ್ತ ಬಕೀಟು ಎತ್ತಾವ್ರು ಯಾರು ಅನ್ನೋದನ್ನ ಮೀನಕ್ಕಿಂತ ಮೊದ್ಲ ಠರಾವ್ ಮಾಡ್ಕೋರಿ.