ಹಳೆಯ ಪ್ಯಾಕೇಜು, ಯಾರ ಹೊಣೆ?

2016ರ ಏಪ್ರಿಲ್ ತಿಂಗಳಲ್ಲಿ ಡೆಬಿಯನ್ ಎಂಬ ಆಪರೇಟಿಂಗ್ ಸಿಸ್ಟಂ ಬಳಸುವವರ ನಡುವೆ ಒಂದು ಸಣ್ಣ ಗಲಾಟೆ ಎದ್ದಿತು. ನಾವು ಎದ್ದುಹೋದಾಗ ಕಂಪ್ಯೂಟರಿನ ಪರದೆಗೆ ಬೀಗ ಹಾಕಿ, ಅದರ ಮೇಲೆ ಚಿತ್ತಾರ ಓಡಿಸುವ ಎಕ್ಸ್‌ಸ್ಕ್ರೀನ್‌ಸೇವರ್ ಎಂಬ ತಂತ್ರಾಂಶ ಇದ್ದಕ್ಕಿದ್ದಂತೆ ಬಳಕೆದಾರರಿಗೆ ಎಚ್ಚರಿಕೆ ಕೊಡತೊಡಗಿತ್ತು. ಈ ಆವೃತ್ತಿ ತೀರಾ ಹಳೆಯದು, ಹೊಸದನ್ನು ಹಾಕಿಕೊಳ್ಳಿ ಎನ್ನುವುದು ಅದರ ಸಾರ. ಹೊರಗಿನವರು ಯಾರೂ ಒಳಗೆ ನುಗ್ಗಿ ಕೈಯಾಡಿಸಿರಲಿಲ್ಲ. ಇಂತಿಷ್ಟು ಕಾಲ ಕಳೆದ ಮೇಲೆ ತಾನಾಗಿ ಕಾಣಿಸಿಕೊಳ್ಳಲಿ ಎಂದು ತಂತ್ರಾಂಶ ಬರೆದವರೇ ಆ ಮಾತನ್ನು ಒಳಗೆ ಇಟ್ಟಿದ್ದರು.

ಬರೆದವರು ಜೇಮಿ ಜವಿನ್‌ಸ್ಕಿ. ನೆಟ್‌ಸ್ಕೇಪ್ ಬ್ರೌಸರಿನ ಆರಂಭದ ತಂಡದಲ್ಲಿದ್ದವರು. ಎಕ್ಸ್‌ಸ್ಕ್ರೀನ್‌ಸೇವರನ್ನು ಅವರು 1992ರಿಂದ ಬೆಳೆಸಿಕೊಂಡು ಬಂದಿದ್ದರು. ಅವರ ದೂರು ಸರಳವಾಗಿತ್ತು. ಡೆಬಿಯನ್ ತನ್ನ ಬಳಕೆದಾರರಿಗೆ ಹಂಚುತ್ತಿದ್ದುದು 2014ರ ಆವೃತ್ತಿ. ಅದರಲ್ಲಿದ್ದ ದೋಷಗಳನ್ನು ಅವರು ಎಂದೋ ಸರಿಪಡಿಸಿದ್ದರು. ಆದರೂ ಹಳೆಯ ಆವೃತ್ತಿಯ ಬಳಕೆದಾರರು ಅದೇ ದೋಷ ಹಿಡಿದುಕೊಂಡು ಅವರ ಬಾಗಿಲಿಗೇ ಬರುತ್ತಿದ್ದರು. ಸೋರ್ಸ್ ಕೋಡಿನೊಳಗೆ ಅವರು ಹಂಚುವವರಿಗಾಗಿ ಒಂದು ಟಿಪ್ಪಣಿಯನ್ನೂ ಬರೆದಿಟ್ಟಿದ್ದರು: ಎಚ್ಚರಿಕೆಯನ್ನು ಕಿತ್ತುಹಾಕುವ ಆಲೋಚನೆ ಇದ್ದರೆ, ದಯವಿಟ್ಟು ಈ ತಂತ್ರಾಂಶವನ್ನು ಹಂಚುವುದನ್ನೇ ನಿಲ್ಲಿಸಿ.

ಕಾನೂನಿನ ದೃಷ್ಟಿಯಿಂದ ಇಲ್ಲಿ ವಿವಾದವೇ ಇಲ್ಲ. ಅದು ಮುಕ್ತ ತಂತ್ರಾಂಶ. ಯಾರು ಬೇಕಾದರೂ ತಿದ್ದಬಹುದು, ತಿದ್ದಿ ಹಂಚಬಹುದು. ಆ ಅನುಮತಿ ಕೊಟ್ಟವರು ಜವಿನ್‌ಸ್ಕಿಯವರೇ. ಆದರೆ ತಿದ್ದುವ ಹಕ್ಕು ಒಬ್ಬರದಾಗಿ, ಬೈಸಿಕೊಳ್ಳುವ ಪಾಳಿ ಇನ್ನೊಬ್ಬರದಾದಾಗ ಏನು ಮಾಡಬೇಕು? ಪರವಾನಗಿಪತ್ರ ಈ ಪ್ರಶ್ನೆಗೆ ಉತ್ತರ ಹೇಳುವುದಿಲ್ಲ. ನನಗೆ ಈ ಚರಿತ್ರೆಯಲ್ಲಿ ಆಸಕ್ತಿ ಹುಟ್ಟಿದ್ದೇ ಈ ಪ್ರಶ್ನೆಯಿಂದ. ಹಣಕಾಸಿನ ಸಂಬಂಧವಿಲ್ಲದ ಜನ ಹೊಣೆಯನ್ನು ಹೇಗೆ ಹಂಚಿಕೊಳ್ಳುತ್ತಾರೆ ಎಂಬುದು ತಂತ್ರಜ್ಞರಷ್ಟೇ ಕೇಳಬೇಕಾದ ಪ್ರಶ್ನೆಯಲ್ಲ. ಪತ್ರಿಕೆ ನಡೆಸುವವರು, ನಾಟಕ ಕಟ್ಟುವವರು, ಊರಿನ ಗ್ರಂಥಾಲಯ ನೋಡಿಕೊಳ್ಳುವವರು ಎಲ್ಲರೂ ಒಂದಲ್ಲ ಒಂದು ದಿನ ಅದನ್ನು ಎದುರಿಸುತ್ತಾರೆ.

ಡೆಬಿಯನ್ ಹುಟ್ಟಿದ್ದೇ ಇಂಥದೊಂದು ದೂರಿನಿಂದ. 1993ರ ಆಗಸ್ಟ್ 16ರಂದು ಅಮೆರಿಕದ ಪರ್ಡ್ಯೂ ವಿಶ್ವವಿದ್ಯಾಲಯದ ವಿದ್ಯಾರ್ಥಿ ಇಯಾನ್ ಮರ್ಡಾಕ್ ಅದನ್ನು ಪ್ರಕಟಿಸಿದರು. ತನ್ನ ಗೆಳತಿ ಡೆಬ್ರಾಳ ಹೆಸರಿನ ಮೊದಲ ಭಾಗಕ್ಕೆ ತನ್ನ ಹೆಸರನ್ನು ಸೇರಿಸಿ ಇಟ್ಟ ಹೆಸರು ಅದು. ಆಗ ಲಿನಕ್ಸನ್ನು ಕಂತೆ ಕಟ್ಟಿ ಹಂಚುತ್ತಿದ್ದವುಗಳಲ್ಲಿ ಎಸ್‌ಎಲ್‌ಎಸ್ ಎಂಬುದು ಹೆಸರಾಗಿತ್ತು. ಅದರ ತುಂಬ ದೋಷಗಳು, ನೋಡಿಕೊಳ್ಳುವವರಿಲ್ಲದ ಸ್ಥಿತಿ. ಹಂಚುವ ಕೆಲಸಕ್ಕೂ ಎಚ್ಚರ ಬೇಕು, ಅದನ್ನು ಹಲವರು ಸೇರಿ ಮಾಡಬೇಕು ಎಂಬುದು ಮರ್ಡಾಕ್ ಕಂಡುಕೊಂಡ ಉತ್ತರ.

ಆ ಉತ್ತರದ ತಿರುಳು ಹೀಗಿದೆ. ಪ್ರತಿಯೊಂದು ತಂತ್ರಾಂಶವನ್ನೂ ಒಂದು ಪ್ಯಾಕೇಜು ಮಾಡಬೇಕು. ಅಂದರೆ ಅದರ ಕಡತಗಳು, ಅದಕ್ಕೆ ಬೇಕಾದ ಬೇರೆ ತಂತ್ರಾಂಶಗಳ ಪಟ್ಟಿ, ಅದನ್ನು ಕೂರಿಸುವ ಮತ್ತು ತೆಗೆಯುವ ಕ್ರಮ ಇಷ್ಟನ್ನೂ ಒಂದು ಗಂಟಿನಲ್ಲಿ ಕಟ್ಟಬೇಕು. ಪ್ರತಿ ಗಂಟಿನ ಮೇಲೂ ಒಬ್ಬರ ಹೆಸರಿರಬೇಕು. ಆ ಹೆಸರಿನವರು ಮೇಂಟೇನರ್, ನಾನು ಪಾಲಕ ಎನ್ನುತ್ತೇನೆ. ಸಾಮಾನ್ಯವಾಗಿ ಪಾಲಕರು ತಂತ್ರಾಂಶವನ್ನು ಬರೆದವರಲ್ಲ. ಬರೆದವರು ಹೊಳೆಯ ಮೇಲ್ಭಾಗದಲ್ಲಿದ್ದರೆ ಇವರು ಕೆಳಗಿನ ಕಟ್ಟೆಯಲ್ಲಿ ನಿಂತು ಊರಿಗೆ ನೀರು ಬಿಡುವವರು. ಓಲೆಗರಿಯ ಕಾಲದ ಲಿಪಿಕಾರರನ್ನು ನೆನೆಸಿಕೊಂಡರೆ ಇವರ ಪಾತ್ರ ಬೇಗ ತಿಳಿಯುತ್ತದೆ. ಕೃತಿ ಅವರದಲ್ಲ, ಆದರೆ ಓದುಗನ ಕೈಗೆ ಬರುವುದು ಅವರ ಪ್ರತಿ. ಅವರು ಒಂದು ಅಕ್ಷರ ತಪ್ಪಿದರೆ ಓದುಗ ಬೈಯುವುದು ಕವಿಯನ್ನು.

ಇಂದು ಡೆಬಿಯನ್‌ನಲ್ಲಿ 60 ಸಾವಿರಕ್ಕೂ ಹೆಚ್ಚು ಪ್ಯಾಕೇಜುಗಳಿವೆ. ಅಧಿಕೃತ ಸದಸ್ಯರು ಸುಮಾರು ಒಂದು ಸಾವಿರ. ಈ ಜನ 1997ರಲ್ಲಿ ಒಂದು ಸಾಮಾಜಿಕ ಒಪ್ಪಂದ ಬರೆದುಕೊಂಡರು. ಬಳಕೆದಾರರ ಹಿತವೂ ಮುಕ್ತ ತಂತ್ರಾಂಶದ ಹಿತವೂ ತಮಗೆ ಮುಖ್ಯ, ದೋಷಗಳನ್ನು ಮುಚ್ಚಿಡುವುದಿಲ್ಲ ಎಂದು ಅದರಲ್ಲಿ ಮಾತು ಕೊಟ್ಟರು. ಮರುವರ್ಷ ತಮ್ಮದೇ ಸಂವಿಧಾನ ಮಾಡಿಕೊಂಡರು. ಅದರ ಮೊದಲ ನಿಯಮಗಳಲ್ಲೇ ಒಂದು ಅಚ್ಚರಿಯ ಮಾತಿದೆ: ಈ ಸಂವಿಧಾನ ಯಾರ ಮೇಲೂ ಕೆಲಸ ಮಾಡುವ ಕಡ್ಡಾಯವನ್ನು ಹೇರುವುದಿಲ್ಲ. ಒಂದು ಕೈಯಲ್ಲಿ ಲೋಕಕ್ಕೆ ಕೊಟ್ಟ ಮಾತು, ಇನ್ನೊಂದು ಕೈಯಲ್ಲಿ ಯಾರೂ ದುಡಿಯಲೇಬೇಕೆಂದಿಲ್ಲ ಎಂಬ ಸ್ವಾತಂತ್ರ್ಯ. ಈ ಎರಡರ ನಡುವಿನ ಕಂದಕದಲ್ಲೇ ಹಳೆಯ ಪ್ಯಾಕೇಜುಗಳು ಸಿಕ್ಕಿಬೀಳುತ್ತವೆ.

ಹಾಗೆಂದು ಹಳತಾಗುವುದೆಲ್ಲ ಸೋಮಾರಿತನದಿಂದಲ್ಲ. ಡೆಬಿಯನ್‌ನಲ್ಲಿ ಹಳತಾಗಿರುವುದು ಒಂದು ನೀತಿ. ಅದರ ಸ್ಥಿರ ಆವೃತ್ತಿ ಬಿಡುಗಡೆಯಾದ ಮೇಲೆ ಒಳಗಿನ ತಂತ್ರಾಂಶಗಳನ್ನು ಸಾಮಾನ್ಯವಾಗಿ ಬದಲಿಸುವುದಿಲ್ಲ. ಭದ್ರತೆಯ ದೋಷ ಕಂಡರೆ ಹೊಸ ಆವೃತ್ತಿಯಿಂದ ಅಷ್ಟು ತಿದ್ದುಪಡಿಯನ್ನು ಮಾತ್ರ ಬಿಡಿಸಿ ತಂದು ಹಳೆಯದಕ್ಕೆ ಹೊಲಿಯುತ್ತಾರೆ. ಸರ್ವರ್ ನಡೆಸುವವರಿಗೆ ನಿನ್ನೆ ಇದ್ದದ್ದು ಇಂದೂ ಹಾಗೆಯೇ ಇರಬೇಕು. ಹೊಸ ಸೌಲಭ್ಯದ ಜೊತೆ ಹೊಸ ತೊಂದರೆ ಬರುವುದು ಅವರಿಗೆ ಬೇಡ. ಆವೃತ್ತಿಗಳಿಗೆ ಇವರು ಇಡುವ ಹೆಸರುಗಳೆಲ್ಲ ಟಾಯ್ ಸ್ಟೋರಿ ಚಿತ್ರದ ಪಾತ್ರಗಳು. ಎಂದೂ ಸ್ಥಿರವಾಗದ, ಹೊಸ ಪ್ಯಾಕೇಜುಗಳು ಮೊದಲು ಬಂದು ಬೀಳುವ ಅಂಗಳಕ್ಕೆ ಆ ಚಿತ್ರದಲ್ಲಿ ಆಟಿಕೆ ಮುರಿಯುವ ಹುಡುಗ ಸಿಡ್‌ನ ಹೆಸರು. ಸ್ಥಿರತೆಯ ಈ ಹಟಕ್ಕೆ ಬೆಲೆಯೂ ಇದೆ. 2002ರ ಜುಲೈನಲ್ಲಿ ವುಡಿ ಬಂದ ಮೇಲೆ ಮುಂದಿನ ಸಾರ್ಜ್ ಬಂದದ್ದು 2005ರ ಜೂನ್‌ನಲ್ಲಿ. ಮೂರು ವರ್ಷ ಹಳಸಿದ ಊಟ ಎಂದು ಹಂಗಿಸಿದವರಿಗೆ ಕಾರಣವಿತ್ತು. ಈಗ ಸುಮಾರು ಎರಡು ವರ್ಷಕ್ಕೊಮ್ಮೆ ಹೊಸದು ಬರುತ್ತದೆ.

ಹೊಲಿಗೆ ಹಾಕುವ ಕೈ ತಪ್ಪಿದರೆ ಏನಾಗುತ್ತದೆ ಎಂಬುದಕ್ಕೆ 2008ರ ಒಂದು ಘಟನೆಯಿದೆ. ಓಪನ್‌ಎಸ್‌ಎಸ್‌ಎಲ್ ಎಂಬುದು ಗುಪ್ತ ಕೀಲಿಗಳನ್ನು ತಯಾರಿಸಲು ಬಳಕೆಯಾಗುವ ತಂತ್ರಾಂಶ. 2006ರಲ್ಲಿ ಅದರ ಡೆಬಿಯನ್ ಪಾಲಕರು, ದೋಷ ಹುಡುಕುವ ಉಪಕರಣವೊಂದು ತಕರಾರು ಮಾಡುತ್ತಿದ್ದ ಸಾಲುಗಳನ್ನು ತೆಗೆದರು. ತೆಗೆಯುವ ಮೊದಲು ಮೂಲ ತಂಡವನ್ನು ಕೇಳಿದ್ದರು, ಅಲ್ಲಿಂದ ತಡೆಯೇನೂ ಬರಲಿಲ್ಲ. ಆ ಸಾಲುಗಳು ಹೋದ ಮೇಲೆ ಕೀಲಿಯ ಊಹಿಸಲಾಗದ ಗುಣವೇ ಹೋಯಿತು. ಒಂದು ಬಗೆಯ, ಒಂದು ಅಳತೆಯ ಕೀಲಿಗೆ ಇದ್ದ ಸಾಧ್ಯತೆಗಳು 32,768ಕ್ಕೆ ಇಳಿದವು. ಕಂಪ್ಯೂಟರಿಗೆ ಅಷ್ಟನ್ನು ಎಣಿಸುವುದು ಕ್ಷಣದ ಕೆಲಸ. 2008ರ ಮೇ 13ರಂದು ಇದು ಬಯಲಾದಾಗ ಡೆಬಿಯನ್ ಮತ್ತು ಅದನ್ನೇ ಆಧರಿಸಿದ ಉಬುಂಟುವಿನಲ್ಲಿ ಆ ಅವಧಿಯಲ್ಲಿ ಮಾಡಿದ ಕೀಲಿಗಳನ್ನೆಲ್ಲ ಎಸೆದು ಹೊಸದು ಮಾಡಬೇಕಾಯಿತು. ಇಲ್ಲಿ ದುರುದ್ದೇಶ ಯಾರಿಗೂ ಇರಲಿಲ್ಲ. ಕೇಳಿದವರು ಪೂರ್ತಿ ಕೇಳಿರಲಿಲ್ಲ, ಹೇಳಿದವರು ಪೂರ್ತಿ ನೋಡಿರಲಿಲ್ಲ.

ಬರೆದವರಿಗೂ ಹಂಚುವವರಿಗೂ ಜಗಳವಾದ ಇನ್ನೊಂದು ಪ್ರಕರಣ ಫೈರ್‌ಫಾಕ್ಸ್‌ನದು. ನಮ್ಮ ಹೆಸರಿಟ್ಟು ಹಂಚುವುದಾದರೆ ನೀವು ಮಾಡುವ ತಿದ್ದುಪಡಿಗಳಿಗೆ ನಮ್ಮ ಒಪ್ಪಿಗೆ ಬೇಕು ಎಂದು ಮೋಜಿಲ್ಲಾ ಹೇಳಿತು. ಹಳೆಯ ಆವೃತ್ತಿಗೆ ಭದ್ರತೆಯ ತೇಪೆ ಹಾಕುವ ಡೆಬಿಯನ್‌ಗೆ ಇದು ಒಗ್ಗಲಿಲ್ಲ. 2006ರಲ್ಲಿ ಅದು ಹೆಸರನ್ನೇ ಬಿಟ್ಟು ಐಸ್‌ವೀಸೆಲ್ ಎಂದು ಕರೆಯಿತು. ಹತ್ತು ವರ್ಷ ಡೆಬಿಯನ್ ಬಳಸುವವರು ಫೈರ್‌ಫಾಕ್ಸನ್ನು ಬೇರೆ ಹೆಸರಿನಲ್ಲಿ ಬಳಸಿದರು. ಹಳೆಯ ಹೆಸರು ಮರಳಿದ್ದು 2016ರಲ್ಲಿ, ಎಕ್ಸ್‌ಸ್ಕ್ರೀನ್‌ಸೇವರಿನ ಗಲಾಟೆ ಎದ್ದ ಅದೇ ವರ್ಷ. ಜವಿನ್‌ಸ್ಕಿಯವರ ಪ್ರಸಂಗದಲ್ಲೂ ಪ್ಯಾಕೇಜಿನ ಹೆಸರು ಬದಲಿಸೋಣ, ಎಚ್ಚರಿಕೆ ತೆಗೆಯೋಣ, ಪ್ಯಾಕೇಜನ್ನೇ ಕೈಬಿಡೋಣ ಎಂಬ ಮಾತುಗಳೆಲ್ಲ ಬಂದವು. ಪ್ಯಾಕೇಜು ಡೆಬಿಯನ್‌ನಲ್ಲೇ ಉಳಿಯಿತು.

ಹಾಗಾದರೆ ಹಳೆಯದು ಅಪಾಯವೋ, ಹೊಸದು ಅಪಾಯವೋ? 2014ರ ಏಪ್ರಿಲ್‌ನಲ್ಲಿ ಬಯಲಾದ ಹಾರ್ಟ್‌ಬ್ಲೀಡ್ ದೋಷ ಮತ್ತೆ ಓಪನ್‌ಎಸ್‌ಎಸ್‌ಎಲ್‌ನದೇ. 2012ರಲ್ಲಿ ಬಂದ ಆವೃತ್ತಿಯೊಂದಿಗೆ ಅದು ಒಳಸೇರಿತ್ತು. ಆಗಿನ ಡೆಬಿಯನ್ ಸ್ಥಿರ ಆವೃತ್ತಿ ಅದಕ್ಕೆ ಸಿಕ್ಕಿತು. ಅದಕ್ಕೂ ಹಿಂದಿನ, ಹಳತೆಂದು ಬಿಟ್ಟಿದ್ದ ಆವೃತ್ತಿ ಪಾರಾಯಿತು. ಲೋಕದ ವ್ಯಾಪಾರವೆಲ್ಲ ನಂಬಿಕೊಂಡಿದ್ದ ಈ ತಂತ್ರಾಂಶಕ್ಕೆ ವರ್ಷಕ್ಕೆ ಬರುತ್ತಿದ್ದ ದೇಣಿಗೆ ಸುಮಾರು 2,000 ಡಾಲರ್ ಎಂಬುದು ಆಗಲೇ ಜನರಿಗೆ ತಿಳಿದದ್ದು.

2024ರಲ್ಲಿ ಇದಕ್ಕಿಂತ ಕರಾಳವಾದದ್ದು ನಡೆಯಿತು. ಎಕ್ಸ್‌ಝಡ್ ಎಂಬುದು ಕಡತಗಳನ್ನು ಕುಗ್ಗಿಸುವ ಒಂದು ಸಾಧಾರಣ ತಂತ್ರಾಂಶ. ಅದನ್ನು ಬಹುಕಾಲ ನೋಡಿಕೊಂಡವರು ಒಬ್ಬರೇ. ಬಿಡುಗಡೆ ನಿಧಾನವಾಗುತ್ತಿದೆ, ಆಗದಿದ್ದರೆ ಬೇರೆಯವರಿಗೆ ಬಿಟ್ಟುಕೊಡಿ ಎಂದು 2022ರಲ್ಲಿ ಅಪರಿಚಿತ ಹೆಸರುಗಳಿಂದ ಒತ್ತಡ ಬಂತು. ತಮ್ಮ ಮಾನಸಿಕ ಆರೋಗ್ಯ ಸರಿಯಿಲ್ಲ, ಇದು ಸಂಬಳವಿಲ್ಲದೆ ಹವ್ಯಾಸಕ್ಕೆ ಮಾಡುವ ಕೆಲಸ ಎಂದು ಅವರು ಉತ್ತರಿಸಿದರು. ನೆರವಿಗೆ ಬಂದಂತೆ ಬಂದ ಜಿಯಾ ಟಾನ್ ಎಂಬ ಹೆಸರಿನ ಖಾತೆ ಕ್ರಮೇಣ ಸಹಪಾಲಕನಾಯಿತು. 2024ರ 5.6.0 ಮತ್ತು 5.6.1 ಆವೃತ್ತಿಗಳಲ್ಲಿ ಅದೇ ಖಾತೆ ಒಂದು ಕಳ್ಳಬಾಗಿಲು ಇರಿಸಿತು. ಮಾರ್ಚ್ 29ರಂದು ಅದನ್ನು ಬಯಲು ಮಾಡಿದವರು ಆಂಡ್ರೆಸ್ ಫ್ರಾಯಿಂಡ್ ಎಂಬ ಎಂಜಿನಿಯರ್. ದೂರದ ಕಂಪ್ಯೂಟರಿಗೆ ಲಾಗಿನ್ ಆಗುವುದು ಅರ್ಧ ಸೆಕೆಂಡು ತಡವಾಗುತ್ತಿದೆಯಲ್ಲ ಎಂಬ ಅನುಮಾನದಿಂದ ಅವರ ಹುಡುಕಾಟ ಶುರುವಾಗಿತ್ತು. ಅವರು ಬಳಸುತ್ತಿದ್ದುದು ಡೆಬಿಯನ್‌ನ ಸಿಡ್. ಸ್ಥಿರ ಆವೃತ್ತಿಯಲ್ಲಿದ್ದುದು ಹಳೆಯ 5.4.1. ಕೋಟ್ಯಂತರ ಜನರನ್ನು ಆ ಹಳೆಯತನ ಕಾಪಾಡಿತು. ಆದರೆ ಕಥೆಗೆ ಇನ್ನೊಂದು ಮುಖವೂ ಇದೆ. ಲಾಗಿನ್ ಸೇವೆಗೂ ಎಕ್ಸ್‌ಝಡ್‌ಗೂ ಮೂಲದಲ್ಲಿ ಸಂಬಂಧವೇ ಇರಲಿಲ್ಲ. ಡೆಬಿಯನ್ ಮತ್ತು ಅದರಂಥ ಕೆಲವು ವಿತರಣೆಗಳು ತಮ್ಮ ಅನುಕೂಲಕ್ಕೆ ಹಾಕಿದ ಹೊಲಿಗೆಯೇ ಆ ದಾರಿ ತೆರೆದಿತ್ತು.

ಈ ಚರಿತ್ರೆ ಕನ್ನಡಕ್ಕೂ ದೂರದ್ದಲ್ಲ. ಗುಬ್ಬಿ, ನವಿಲು, ಲೋಹಿತ್ ಕನ್ನಡ ಫಾಂಟುಗಳು ಡೆಬಿಯನ್‌ನಲ್ಲಿ ಪ್ಯಾಕೇಜುಗಳಾಗಿ ಕುಳಿತಿವೆ. ಕೊಂಕಣಿಯನ್ನು ಕನ್ನಡ ಲಿಪಿಯಲ್ಲಿ ಬರೆಯುವಾಗ ಬೇಕಾಗುವ, ಅಕ್ಷರದ ಬಲ ಮೇಲ್ಭಾಗದಲ್ಲಿ ಕೂರುವ ಅನುಸ್ವಾರ ಚಿಹ್ನೆಯೊಂದು 2022ರ ಯೂನಿಕೋಡ್ 15ರಲ್ಲಿ ಸೇರಿತು. ಅದಕ್ಕೂ ಮೊದಲಿನ ಫಾಂಟಿಗೆ ಆ ಚಿಹ್ನೆ ಗೊತ್ತಿಲ್ಲ. ಓದುಗನಿಗೆ ಕಾಣುವುದು ಖಾಲಿ ಚೌಕ. ಕೊಂಕಣಿ ಓದುವ ಹುಡುಗಿಯೊಬ್ಬಳು ಆ ಚೌಕವನ್ನು ನೋಡಿ ಯಾರನ್ನು ಕೇಳಬೇಕು? ಅಕ್ಷರ ಬಿಡಿಸಿದವರನ್ನೋ, ಗಂಟು ಕಟ್ಟಿದವರನ್ನೋ? ಇಬ್ಬರಿಗೂ ಸಂಬಳ ಬರುತ್ತಿರಲಿಕ್ಕಿಲ್ಲ, ಇಬ್ಬರೂ ಕೆಲಸ ಮುಗಿಸಿ ಬಂದು ರಾತ್ರಿ ಕೂತು ಮಾಡುವವರಿರಬಹುದು. ಅವಳ ತೊಂದರೆ ಮಾತ್ರ ನಿಜ.

ನನ್ನ ಮಟ್ಟಿಗೆ ಹೊಣೆಯ ಪ್ರಶ್ನೆಯನ್ನು ಹೊಸದು ಹಳೆಯದರ ತಕ್ಕಡಿಯಲ್ಲಿ ತೂಗಲಾಗದು. 2016ರಲ್ಲಿ ಡೆಬಿಯನ್ ಹಳೆಯ ಆವೃತ್ತಿಯನ್ನು ಇಟ್ಟುಕೊಂಡದ್ದು ತಪ್ಪೆಂದು ನನಗೆ ಅನಿಸುವುದಿಲ್ಲ. ಆದರೆ ಹಳೆಯದನ್ನು ಇಟ್ಟುಕೊಂಡವರೇ ಅದರ ದೂರುಗಳನ್ನೂ ಮೊದಲು ಕೇಳಿಸಿಕೊಳ್ಳಬೇಕು. ಆ ದೂರು ಮೇಲಿನ ಹೊಳೆಗೆ ಹರಿದದ್ದು ಜವಿನ್‌ಸ್ಕಿಯವರ ನ್ಯಾಯವಾದ ಅಳಲು. ಅವರ ಕಡೆಯಿಂದಲೂ ಒಂದು ತೊಡಕಿತ್ತು. ಹಂಚುವವರ ಮೇಲಿನ ಸಿಟ್ಟನ್ನು ಅವರು ಏನೂ ಅರಿಯದ ಬಳಕೆದಾರನ ಪರದೆಯ ಮೇಲೆ ಬರೆದರು. ಇನ್ನು ಬಳಕೆದಾರರಾದ ನಮ್ಮ ಪಾಲು. ಎಕ್ಸ್‌ಝಡ್‌ನ ಪಾಲಕರನ್ನು ಒತ್ತಾಯಿಸಿದ ಆ ಹೆಸರುಗಳು ಸುಳ್ಳು ಹೆಸರುಗಳಿರಬಹುದು. ಆದರೆ ಅವುಗಳ ಧಾಟಿ ಯಾರಿಗೂ ಅನುಮಾನ ಹುಟ್ಟಿಸಲಿಲ್ಲ, ಏಕೆಂದರೆ ಸ್ವಯಂಸೇವಕರ ಜೊತೆ ನಿಜವಾದ ಬಳಕೆದಾರರೂ ಅದೇ ಧಾಟಿಯಲ್ಲಿ ಮಾತಾಡುವುದು ರೂಢಿಯಾಗಿತ್ತು.

ಡೆಬಿಯನ್‌ನವರ ಒಂದು ಪದ್ಧತಿ ಇದಕ್ಕೆಲ್ಲ ಸಿಕ್ಕಿರುವ ಅತ್ಯಂತ ಮರ್ಯಾದೆಯ ಪರಿಹಾರ ಎಂದು ನನಗೆ ತೋರುತ್ತದೆ. ಪಾಲಕರಿಗೆ ಇನ್ನು ಸಾಧ್ಯವಿಲ್ಲ ಅನಿಸಿದಾಗ ಅವರು ಪ್ಯಾಕೇಜನ್ನು ಅನಾಥ ಎಂದು ಬಹಿರಂಗವಾಗಿ ದಾಖಲಿಸುತ್ತಾರೆ. ಪೂರ್ತಿ ಬಿಡುವ ಮೊದಲು ದತ್ತು ತೆಗೆದುಕೊಳ್ಳುವವರು ಬೇಕೆಂದೋ, ಜೊತೆಗೊಂದು ಕೈ ಬೇಕೆಂದೋ ಕೇಳುವುದಕ್ಕೂ ಅದೇ ಪಟ್ಟಿಯಲ್ಲಿ ಜಾಗವಿದೆ. ಸುದ್ದಿಯಿಲ್ಲದೆ ಮರೆಯಾದ ಪಾಲಕರನ್ನು ಹುಡುಕಿ ವಿಚಾರಿಸಲು ಒಂದು ತಂಡವೇ ಇದೆ. ಆ ಪಟ್ಟಿ ಯಾರು ಬೇಕಾದರೂ ಓದಬಹುದಾದ ಪಟ್ಟಿ. ಒಂದು ಗಂಟಿನ ಮೇಲಿದ್ದ ತನ್ನ ಹೆಸರನ್ನು ತಾನೇ ಅಳಿಸಿ, ಇದನ್ನು ನೋಡಿಕೊಳ್ಳುವವರು ಈಗ ಯಾರೂ ಇಲ್ಲ ಎಂದು ಬರೆದವರು ತಮ್ಮ ಕೊನೆಯ ಹೊಣೆಯನ್ನು ತೀರಿಸಿದ್ದಾರೆ. ಆ ಸಾಲನ್ನು ಓದಿದ ಮೇಲೆ ಉಳಿಯುವ ಹೊಣೆ ಅದನ್ನು ಬಳಸುವವರದು.